ಕುದುರೆಮುಖ ಗಣಿಯ ಉಪಗ್ರಹ ಅವಲೋಕನ

ಗಣಿಗಾರಿಕೆಯಿಂದ ನೆಲ, ಕಾಡು, ನದಿಗಳಿಗಾಗುವ ಹಾನಿಯನ್ನು ಉಪಗ್ರಹ ಚಿತ್ರಗಳಿಂದ ಅಳೆಯುವ ವಿಧಾನಕ್ಕೆ ಪಶ್ಚಿಮ ಘಟ್ಟದ ಕುದುರೆಮುಖ ಉತ್ತಮ ಉದಾಹರಣೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಇಲ್ಲಿ ಅದಿರು ತೆಗೆದು, ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಗಿಡಮರಗಳ ಎಲೆಗಳು ಸಮೀಪ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತವೆ, ಕೆಂಪು ಬೆಳಕನ್ನು ಹೀರುತ್ತವೆ. ಅಗೆದ ಮಣ್ಣಿನಲ್ಲಿ ಈ ಅಂತರ ತೀರಾ ಕಡಿಮೆ. ಹೀಗಾಗಿ ಬೋಳಾದ ಬೆಟ್ಟವೂ ಗಣಿಯ ಕೆಸರು ತುಂಬಿದ ಲಕ್ಯಾ ಅಣೆಕಟ್ಟಿನ ಜಲಾಶಯವೂ ಚಿತ್ರದಲ್ಲಿ ಎದ್ದು ಕಾಣುತ್ತವೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ, ಭಾರತದ ಐಆರ್‌ಎಸ್ ಉಪಗ್ರಹಗಳು 1988ರಿಂದ ತೆಗೆದ ಚಿತ್ರಗಳನ್ನು ಹೋಲಿಸಿ ಗಣಿಗೆ ಮುಂಚಿನ, ನಂತರದ ಸ್ಥಿತಿಯನ್ನು ಗುರುತಿಸಬಹುದು.

ದೊಡ್ಡ ತೊಡಕು ಮಳೆಗಾಲದ್ದು. ಗಣಿಯ ಬಳಿ ಹರಿಯುವ ಭದ್ರಾ ನದಿಗೆ ಹೂಳು ಅತಿಯಾಗಿ ಸೇರುವುದು ಆಗಲೇ, ಮೋಡ ಮುಚ್ಚುವುದೂ ಆಗಲೇ. ರೇಡಾರ್ ಉಪಗ್ರಹಗಳು ಮೋಡದಾಚೆಯ ನೆಲವನ್ನು ಕಾಣಬಲ್ಲವಾದರೂ ನೀರಿನೊಳಗಿನ ಹೂಳನ್ನು ಅಳೆಯಲಾರವು. ಹಾಗಾಗಿ ನದಿಗಿಳಿದು ನೀರಿನ ಮಾದರಿ ಸಂಗ್ರಹಿಸುವುದು ಅನಿವಾರ್ಯ. ಪೆರುವಿನ ಮಾದ್ರೆ ದೆ ದಿಯೋಸ್ ಕಾಡಿನ ಚಿನ್ನದ ಗಣಿಗಳ ಮೇಲೂ ಇದೇ ಉಪಗ್ರಹ ವಿಧಾನದಿಂದ ನಿಗಾ ಇಡಲಾಗಿದೆ. ಅಲ್ಲಿ ಚಿನ್ನ ಬೇರ್ಪಡಿಸಲು ಬಳಸುವ ಪಾದರಸ ಮಾತ್ರ ಉಪಗ್ರಹದ ಕಣ್ಣಿಗೆ ಬೀಳುವುದಿಲ್ಲ.