ದಫ್ತರು: ಲಾರಿಗಳ ನೋಂದಣಿ ಮತ್ತು ನವೀಕರಣದ ಇತಿಹಾಸ



ಕುವೈತಿನಲ್ಲಿ ವಾಹನವುಳ್ಳ ಪ್ರತಿಯೊಬ್ಬರಿಗೂ ‘ದಫ್ತರ್’ ಎಂಬ ಶಬ್ದ ಪರಿಚಿತ. ವಾಹನದ ನೋಂದಣಿ ಪತ್ರಕ್ಕೆ ಇಲ್ಲಿ ಅದೇ ಹೆಸರು. ನಮ್ಮ ಊರುಗಳ ಶಾನುಭೋಗರು ಬಟ್ಟೆಯಲ್ಲಿ ಗಂಟುಕಟ್ಟಿ ಕಾಪಾಡುತ್ತಿದ್ದುದೂ ದಫ್ತರವೇ. ಪಾರಸಿ, ಅರಬ್ಬಿಗಳ ಮೂಲಕ ನಮ್ಮ ಕಚೇರಿಗಳನ್ನು ಹೊಕ್ಕ ಈ ಶಬ್ದದ ಬೇರು ಗ್ರೀಕ್ ಭಾಷೆಯ ‘ಡಿಫ್ತೆರ’, ಎಂದರೆ ಹದಮಾಡಿದ ತೊಗಲು. ತೊಗಲಿನ ಮೇಲೆ ಬರೆಯುತ್ತಿದ್ದ ಕಾಲದ ನೆನಪು ಅದರಲ್ಲಿ ಉಳಿದಿದೆ. ವೈದ್ಯನಾದ ನನಗೆ ಈ ಶಬ್ದದ ಇನ್ನೊಬ್ಬ ನೆಂಟನೂ ಗೊತ್ತು. 1826ರಲ್ಲಿ ಫ್ರಾನ್ಸಿನ ವೈದ್ಯ ಬ್ರೆತೊನೊ, ಗಂಟಲಲ್ಲಿ ತೊಗಲಿನಂಥ ಪೊರೆ ಕಟ್ಟುವ ಗಂಟಲಮಾರಿಗೆ ಇದೇ ಮೂಲದಿಂದ ಹೆಸರಿಟ್ಟನು. ಡಿಫ್ತೀರಿಯ ಆದುದು ಹಾಗೆ. ದಫ್ತರಿನ ನವೀಕರಣಕ್ಕೆ ಸಾಲಿನಲ್ಲಿ ನಿಂತವರಿಗೆ ಈ ನೆಂಟಸ್ತಿಕೆ ಸಹಜವೆಂದೇ ತೋರೀತು!

ಭಾರತದಲ್ಲಿ 1914ರ ಮೋಟಾರು ವಾಹನ ಕಾಯಿದೆಯು ಚಾಲಕನಿಗೆ ಲೈಸೆನ್ಸನ್ನೂ ವಾಹನಕ್ಕೆ ನೋಂದಣಿಯನ್ನೂ ವಿಧಿಸಿತು. ಮುಂದೆ ಲಾರಿ, ಬಸ್ಸುಗಳು ರೈಲಿನ ಆದಾಯಕ್ಕೆ ಕೈಹಾಕಿದಾಗ ಸರ್ಕಾರ ಎಚ್ಚತ್ತಿತು. 1932ರಲ್ಲಿ ನೇಮಕವಾದ ಮಿಚೆಲ್–ಕರ್ಕ್‌ನೆಸ್ ಸಮಿತಿಯು ರಸ್ತೆ ಹಾಗೂ ರೈಲಿನ ಈ ಪೈಪೋಟಿಯನ್ನು ಪರಿಶೀಲಿಸಿತು. 1939ರ ಕಾಯಿದೆಯು ಸಾರಿಗೆ ವಾಹನಗಳನ್ನು ಪ್ರತ್ಯೇಕಿಸಿ, ಅವುಗಳಿಗೆ ಪರವಾನಗಿಯನ್ನೂ ಅರ್ಹತಾ ಪತ್ರವನ್ನೂ ಕಡ್ಡಾಯಗೊಳಿಸಿತು. ಲಾರಿಯ ಕಾಗದಪತ್ರಗಳ ಕಟ್ಟು ದಪ್ಪವಾಗಲು ಸುರಕ್ಷತೆಯೊಂದೇ ಕಾರಣವಲ್ಲ, ರೈಲಿನ ರಕ್ಷಣೆಯೂ ಕಾರಣವೆಂಬುದು ನನ್ನ ಅಭಿಪ್ರಾಯ.

1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯಿದೆಯು ಈ ಭೇದವನ್ನು ಉಳಿಸಿಕೊಂಡಿತು. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ, ಅನಂತರ ಐದೈದು ವರ್ಷಕ್ಕೆ ನವೀಕರಣ. ಲಾರಿಗೆ ಆ ಸೌಲಭ್ಯವಿಲ್ಲ. ಹೊಸ ಲಾರಿಗೆ ಎರಡು ವರ್ಷದ ಅರ್ಹತಾ ಪತ್ರ, ಆಮೇಲೆ ವರ್ಷವರ್ಷವೂ ತಪಾಸಣೆ. 2018ರ ತಿದ್ದುಪಡಿಯಿಂದ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಎಂದಾಯಿತು. ಪತ್ರದ ಅವಧಿ ಮುಗಿದರೆ ಲಾರಿಯು ಸಕ್ರಮವಾಗಿ ನೋಂದಣಿಯಾದದ್ದೇ ಅಲ್ಲವೆಂದು ಕಾನೂನು ಭಾವಿಸುತ್ತದೆ. ಇಕಾಮಾಕ್ಕಾಗಿ ರಕ್ತಪರೀಕ್ಷೆ, ಎದೆಯ ಕ್ಷಕಿರಣಗಳಿಗೆ ಒಳಗಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಟ್ರೈಲರಿನ ಮಾತು ಒಗಟಿನಂತಿದೆ. ಅದಕ್ಕೆ ಎಂಜಿನ್ ಇಲ್ಲ, ತಾನಾಗಿ ಒಂದು ಗೇಣೂ ಚಲಿಸದು. ಆದರೂ ಕಾಯಿದೆಯ ವ್ಯಾಖ್ಯೆಯಂತೆ ಅದು ಮೋಟಾರು ವಾಹನವೇ!

ರಾಜ್ಯಗಳ ಗಡಿಗಳು ಈ ಕಥೆಗೆ ಮತ್ತೊಂದು ತೊಡಕನ್ನು ಸೇರಿಸಿದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಒಂದೊಂದು ಪ್ರದೇಶದಲ್ಲಿ ಒಂದೊಂದು ವಾಹನ ತೆರಿಗೆಯಿತ್ತು: ಮಂಗಳೂರಿಗೆ ಮದರಾಸಿನ 1931ರ ಕಾಯಿದೆ, ಧಾರವಾಡಕ್ಕೆ ಮುಂಬಯಿಯ 1935ರದು. 1957ರ ತೆರಿಗೆ ಕಾಯಿದೆಯು ಇವನ್ನೆಲ್ಲ ಒಂದುಗೂಡಿಸಿತು. ಆದರೆ ಕಾಸರಗೋಡು ಕೇರಳದ ಪಾಲಾಗಿತ್ತು. ಅಲ್ಲಿಯತನಕ ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ಲಾರಿ ಒಂದೇ ಜಿಲ್ಲೆಯೊಳಗೆ ಸಂಚರಿಸುತ್ತಿತ್ತು. ಅಂದಿನಿಂದ ತಲಪಾಡಿಯಲ್ಲಿ ರಾಜ್ಯವೇ ಬದಲಾಯಿತು. ಪರವಾನಗಿಗೆ ಇನ್ನೊಂದು ರಾಜ್ಯದ ಮೇಲುರುಜು, ಇನ್ನೊಂದು ತೆರಿಗೆ ಬೇಕಾದವು. 1975ರ ರಾಷ್ಟ್ರೀಯ ಪರವಾನಗಿಯು ದೂರಸಂಚಾರದ ಲಾರಿಗಳಿಗೆ ಈ ಕಷ್ಟವನ್ನು ಹಗುರಗೊಳಿಸಿತು. ಕಾಸರಗೋಡಿನ ಅಡಕೆ ಮಂಗಳೂರಿಗೆ ಬರುವುದು ನಿಲ್ಲಲಿಲ್ಲ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಎರಡೂ ರಾಜ್ಯಗಳ ಬೆಳೆಗಾರರದು. ಆದರೆ ಮಂಗಳೂರಿನ ಕೆಎ-19ರ ಲಾರಿಯೊಂದು ಹನ್ನೆರಡು ತಿಂಗಳು ಮೀರಿ ಕಾಸರಗೋಡಿನಲ್ಲಿಯೇ ನೆಲಸಿದರೆ, ನಿರಾಕ್ಷೇಪಣಾ ಪತ್ರ ತಂದು ಕೆಎಲ್-14ರ ಸಂಖ್ಯೆಯನ್ನು ಪಡೆಯಬೇಕು.

ಅಪಘಾತದ ಗಾಯಾಳುಗಳನ್ನು ಕಂಡವನಾದ್ದರಿಂದ ನಾನು ತಪಾಸಣೆಯ ಪರವಾಗಿಯೇ ಇದ್ದೇನೆ. ಸವೆದ ಬ್ರೇಕು ಯಾರ ಬಡತನವನ್ನೂ ಲೆಕ್ಕಿಸದು. ಆದರೂ 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಭಾರಿ ಲಾರಿಯ ಅರ್ಹತಾ ಪತ್ರಕ್ಕೆ 12,500 ರೂಪಾಯಿ ಶುಲ್ಕ ವಿಧಿಸಿದಾಗ, ಒಂದೇ ಲಾರಿಯನ್ನು ನಂಬಿದ ಮಾಲೀಕ ಆ ಹಣವನ್ನು ಬ್ರೇಕಿನ ರಿಪೇರಿಯಿಂದಲೇ ಉಳಿಸಿಯಾನು ಎಂಬ ಅಳುಕು ನನ್ನದು.

ಕುವೈತಿನ ಸಂಚಾರ ಕಾನೂನು 1976ರ 67ನೆಯ ಸಂಖ್ಯೆಯದು. ತಾಂತ್ರಿಕ ತಪಾಸಣೆ, ವಿಮೆ, ದಂಡದ ಬಾಕಿ ತೀರುವಳಿ ಎಂಬ ನವೀಕರಣದ ಕ್ರಮ ನಿಮಗೆ ತಿಳಿದದ್ದೇ. ಆದರೆ ಸಂಖ್ಯಾಫಲಕವೊಂದು ಪ್ರಾಣಸಂಕಟವಾದ ಕಾಲವನ್ನೂ ಈ ನೆಲ ಕಂಡಿದೆ. 1990ರ ಆಗಸ್ಟ್ 2ರಂದು ಇರಾಕ್ ಆಕ್ರಮಿಸಿತು. ಅದೇ ತಿಂಗಳ 28ರಂದು ಕುವೈತನ್ನು ತನ್ನ ಹತ್ತೊಂಬತ್ತನೆಯ ಪ್ರಾಂತವೆಂದು ಸಾರಿತು. ಬಳಿಕ ವಾಹನಗಳೆಲ್ಲ ಇರಾಕಿ ಫಲಕವನ್ನು ಧರಿಸಬೇಕೆಂಬ ಆಜ್ಞೆಯಾಯಿತು. ಹಳೆಯ ಫಲಕದವರಿಗೆ ಪೆಟ್ರೋಲ್ ನಿರಾಕರಿಸಲಾಯಿತು. ಎಣ್ಣೆಯ ಬಾವಿಗಳ ನಾಡಿನಲ್ಲಿ ಪೆಟ್ರೋಲಿಗೆ ಅಡ್ಡಿ! ಅನೇಕ ಕುವೈತಿಗಳು ಫಲಕ ಬದಲಿಸಲೊಪ್ಪದೆ ವಾಹನವನ್ನೇ ಮನೆಯಲ್ಲಿ ನಿಲ್ಲಿಸಿದರು. ಹೊಸ ಸಂಖ್ಯೆಯನ್ನು ಸ್ವೀಕರಿಸುವುದೆಂದರೆ ಹೊಸ ದೊರೆಯನ್ನು ಸ್ವೀಕರಿಸಿದಂತೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಸೈನಿಕರಿಗೆ ದಾರಿ ತಿಳಿಯದಿರಲೆಂದು ಬೀದಿಯ ಹೆಸರುಗಳನ್ನೂ ಮನೆಯ ಸಂಖ್ಯೆಗಳನ್ನೂ ಕಿತ್ತುಹಾಕಿದ ಜನ ಅವರು.

ನಮ್ಮವರಾದರೋ ಸಿಕ್ಕ ವಾಹನ ಹತ್ತಿ ಬಸ್ರಾ, ಬಾಗ್ದಾದುಗಳ ದಾರಿಯಾಗಿ ಜೋರ್ಡಾನಿನತ್ತ ಹೊರಟರು. ಅಮ್ಮಾನಿನಿಂದ ಏರ್ ಇಂಡಿಯ 59 ದಿನಗಳಲ್ಲಿ 488 ಹಾರಾಟಗಳನ್ನು ನಡೆಸಿ ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ಊರು ಮುಟ್ಟಿಸಿತು. ಕಾರು, ಲಾರಿ, ಅವುಗಳ ದಫ್ತರುಗಳನ್ನು ವಿಮಾನದಲ್ಲಿ ಒಯ್ಯುವಂತಿರಲಿಲ್ಲ.