ಎರಡನೇ ಸರದಿಯಲ್ಲಿ ಸಿಕ್ಕ ಹುಡುಗ

ಶಾಲೆ ಬಿಟ್ಟ ಮೇಲೆ ಬಯಲಲ್ಲಿ ತಂಡ ಕಟ್ಟುತ್ತಿದ್ದದ್ದು ನಿಮಗೆಲ್ಲ ನೆನಪಿರಬೇಕು. ದೊಡ್ಡ ಹುಡುಗರಿಬ್ಬರು ನಾಯಕರು. ಟಾಸ್ ಗೆದ್ದವನು ಮೊದಲು ಒಬ್ಬನನ್ನು ಕರೆಯುತ್ತಾನೆ, ಆಮೇಲೆ ಎದುರಿನವನ ಸರದಿ, ಮತ್ತೆ ಇವನದು. ಕೊನೆಗೆ ಒಬ್ಬ ಉಳಿಯುತ್ತಾನೆ. ‘ಅವನನ್ನ ನೀನೇ ಇಟ್ಕೋ’ ಎಂದು ಇಬ್ಬರು ನಾಯಕರೂ ಒಬ್ಬರಿಗೊಬ್ಬರು ದಾನ ಮಾಡುತ್ತಿರುತ್ತಾರೆ. ನಮ್ಮ ಬಳಗದಲ್ಲಿ ಹಾಗೆ ಉಳಿದವರೇ ಹೆಚ್ಚು. ಅದಕ್ಕೇ ಪತ್ರಿಕೋದ್ಯಮ ಓದಿದೆವೇನೋ.

ಈ ಆಟವನ್ನೇ ಕೋಟು ಹಾಕಿಕೊಂಡು, ಏಸಿ ಕೋಣೆಯಲ್ಲಿ ಕೂತು ಆಡಿದರೆ ಅದಕ್ಕೆ ‘ಡ್ರಾಫ್ಟ್’ ಎನ್ನುತ್ತಾರೆ. ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡು ಹಿಡಿದು ಗುದ್ದಾಡುತ್ತ ಓಡುವ ಆಟ. ಕಾಲೇಜಿನಲ್ಲಿ ಆಡುವ ಹುಡುಗರ ಎತ್ತರ, ತೂಕ, ಓಟ ಎಲ್ಲ ಅಳೆದು ಪಟ್ಟಿ ಮಾಡುತ್ತಾರೆ, ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. 1936ರಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಜೇ ಬರ್ವಾಂಗರ್. ಅವನು ವೃತ್ತಿಪರ ಫುಟ್‌ಬಾಲನ್ನು ಒಂದು ಪಂದ್ಯವೂ ಆಡಲಿಲ್ಲ. 2000ದಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸಲ ಚಾಂಪಿಯನ್ ಆದ.

ನಮ್ಮಲ್ಲಿ ಐಪಿಎಲ್ ಅಂದರೆ ಹರಾಜು ಎಂದೇ ಎಲ್ಲರ ತಲೆಯಲ್ಲಿ ಕೂತಿದೆ. ಆದರೆ ಮೊದಲ ವರ್ಷ ಹರಾಜಿನ ಜೊತೆ ಒಂದು ಪುಟ್ಟ ಡ್ರಾಫ್ಟ್ ಕೂಡ ನಡೆದಿತ್ತು. 2008ರ ಮಾರ್ಚ್ 2ರಂದು ಕ್ವಾಲಾಲಂಪುರದಲ್ಲಿ ಭಾರತದ 19 ವರ್ಷದೊಳಗಿನವರ ತಂಡ ದಕ್ಷಿಣ ಆಫ್ರಿಕಾವನ್ನು 12 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ದೊಡ್ಡವರ ಹರಾಜು ಫೆಬ್ರವರಿಯಲ್ಲೇ ಮುಗಿದಿತ್ತು. ಈ ಹುಡುಗರನ್ನು ಹರಾಜಿಗೆ ಹಾಕದೆ, ಸಂಬಳ ಮೊದಲೇ ನಿಗದಿ ಮಾಡಿ, ಬಯಲಿನ ಲೆಕ್ಕದಂತೆ ಸರದಿಯಲ್ಲಿ ಆರಿಸಿಕೊಳ್ಳಲು ತಂಡಗಳಿಗೆ ಬಿಟ್ಟರು.

ಮೊದಲ ಸರದಿ ದೆಹಲಿಯದು. ವಿಶ್ವಕಪ್ ಗೆದ್ದ ನಾಯಕ ವಿರಾಟ್ ಕೊಹ್ಲಿ ದೆಹಲಿಯ ಹುಡುಗ. ಆದರೂ ದೆಹಲಿ ಕರೆದದ್ದು ಎಡಗೈ ವೇಗಿ ಪ್ರದೀಪ್ ಸಂಗ್ವಾನ್‌ನನ್ನು. ಎರಡನೇ ಸರದಿ ಬೆಂಗಳೂರಿನದು. ಹೀಗೆ ಕೊಹ್ಲಿ 30 ಸಾವಿರ ಡಾಲರ್‌ಗೆ, ಆಗಿನ ಲೆಕ್ಕದಲ್ಲಿ ಸುಮಾರು 12 ಲಕ್ಷ ರೂಪಾಯಿಗೆ, ನಮ್ಮ ಊರಿನ ತಂಡಕ್ಕೆ ಬಂದ.

ದೆಹಲಿಯವರು ದಡ್ಡರು ಎಂದು ಈಗ ನಗುವುದು ಸುಲಭ. ನಮಗೆ ಹಾಗನ್ನಿಸುವುದಿಲ್ಲ. ಅವರ ಬಳಿ ಸೆಹ್ವಾಗ್, ಗಂಭೀರ್, ಶಿಖರ್ ಧವನ್, ಡಿವಿಲಿಯರ್ಸ್, ದಿಲ್ಶಾನ್ ಇದ್ದರು. ಬ್ಯಾಟ್ಸ್‌ಮನ್‌ಗಳಿಗೆ ಬರವಿರಲಿಲ್ಲ, ಬೇಕಿದ್ದದ್ದು ಬೌಲರ್. ಆ ವರ್ಷದ ರಣಜಿ ಗೆದ್ದದ್ದು ದೆಹಲಿ, ಆ ತಂಡದಲ್ಲಿ ಸಂಗ್ವಾನ್ ಇದ್ದ. ಮನೆಯಲ್ಲಿ ಅಕ್ಕಿ ತುಂಬಿರುವಾಗ ಸಂತೆಯಲ್ಲಿ ಬೇಳೆ ಕೊಳ್ಳುವವರು ಇಲ್ಲವೇ?

ಮುಂದಿನದು ಇನ್ನೂ ಸ್ವಾರಸ್ಯ. ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಕೊಹ್ಲಿ ಗಳಿಸಿದ್ದು 1 ರನ್. ಇಡೀ ಟೂರ್ನಿಯಲ್ಲಿ 13 ಪಂದ್ಯಗಳಿಂದ 165. ಆ ವರ್ಷದ ಶ್ರೇಷ್ಠ 19 ವರ್ಷದೊಳಗಿನ ಆಟಗಾರ ಪ್ರಶಸ್ತಿ ಬೆಂಗಳೂರು ತಂಡಕ್ಕೇ ಬಂತು, ಆದರೆ ಕೊಹ್ಲಿಗಲ್ಲ. ಅದೇ ಡ್ರಾಫ್ಟ್‌ನಲ್ಲಿ ಬೆಂಗಳೂರು ಆರಿಸಿಕೊಂಡ ಇನ್ನೊಬ್ಬ ಹುಡುಗ, ಬಂಗಾಳದ ವಿಕೆಟ್ ಕೀಪರ್ ಶ್ರೀವತ್ಸ ಗೋಸ್ವಾಮಿಗೆ. 2008ರ ಜೂನ್‌ನಲ್ಲಿ ಯಾರಾದರೂ ಈ ಹುಡುಗರಿಗೆ ರ‍್ಯಾಂಕ್ ಹಾಕಿದ್ದರೆ ಯಾರು ಮೇಲಿರುತ್ತಿದ್ದರು, ನೀವೇ ಹೇಳಿ.

ಅದೇ ವಿಶ್ವಕಪ್ ತಂಡದಲ್ಲಿ ನಮ್ಮ ಕರ್ನಾಟಕದ ಮನೀಶ್ ಪಾಂಡೆ ಇದ್ದ. ಬೆಂಗಳೂರಿನಲ್ಲಿ ಬೆಳೆದ ಅವನನ್ನು ಮೊದಲ ವರ್ಷ ಕೊಂಡೊಯ್ದದ್ದು ಮುಂಬೈ. ಮರುವರ್ಷ ಇಲ್ಲಿಗೆ ಬಂದ. 2009ರ ಮೇ 21ರಂದು ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ 73 ಎಸೆತಗಳಲ್ಲಿ ಔಟಾಗದೆ 114 ಹೊಡೆದ. ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಅವನೇ, ಕೊಹ್ಲಿಯೂ ಅಲ್ಲ, ತೆಂಡೂಲ್ಕರ್ ಕೂಡ ಅಲ್ಲ. ಐದು ವರ್ಷದ ನಂತರ, 2014ರ ಫೈನಲ್‌ನಲ್ಲಿ, ನಮ್ಮ ಚಿನ್ನಸ್ವಾಮಿಯಲ್ಲೇ 94 ಹೊಡೆದು ಕಪ್ ಗೆಲ್ಲಿಸಿದ. ಕೋಲ್ಕತ್ತಕ್ಕೆ!

ಈಗ ದಕ್ಷಿಣ ಬೆಂಗಳೂರಿಗೆ ಬರೋಣ. ಕೊನೆಯ ವರ್ಷ ಓದುವಾಗ ನಮ್ಮಲ್ಲಿ ಐವರು ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿದ್ದೆವು. ಭಾನುವಾರ ಪಿಜಿಯಲ್ಲಿ ತಿಂಡಿ ತಡ. ಹೊಟ್ಟೆ ಹಸಿದುಕೊಂಡು ಕೂರುವ ಬದಲು ಜಯನಗರದ ಶಾಲಿನಿ ಮೈದಾನದ ಕಡೆ ನಡೆಯುತ್ತಿದ್ದೆವು. ಬಿಳಿ ಪ್ಯಾಂಟಿನ ಮಕ್ಕಳು, ಅವರಿಗಿಂತ ದೊಡ್ಡ ಕಿಟ್ ಬ್ಯಾಗು, ಸ್ಕೂಟರ್ ಪಕ್ಕ ಫ್ಲಾಸ್ಕ್ ಹಿಡಿದು ನಿಂತ ಅಪ್ಪಂದಿರು. ನಮ್ಮಲ್ಲೊಬ್ಬ ಯಾದಗಿರಿ ಕಡೆಯ ಗೆಳೆಯ ಇದನ್ನು ನೋಡಿ ಮೊದಲ ದಿನ ಒಂದೇ ಮಾತು ಹೇಳಿದ: ‘ನಾ ಲೆದರ್ ಬಾಲ್ ಮುಟ್ಟಿದ್ದೇ ಪಿಯುಸಿ ಆದಮ್ಯಾಗ.’

ಜಯನಗರ 9ನೇ ಬ್ಲಾಕಿನಲ್ಲಿ ಜೈನ್ ಶಿಕ್ಷಣ ಸಂಸ್ಥೆಯ ಕ್ಯಾಂಪಸ್ ಇದೆ. ಕ್ರಿಕೆಟ್ ಪಟ್ಟಿ ಮಾಡುವವರ ಕಣ್ಣು ಸದಾ ಇರುವ ಹೆಸರು ಅದು. ಕೆ.ಎಲ್. ರಾಹುಲ್ ಬೆಳೆದದ್ದು ಸುರತ್ಕಲ್‌ನಲ್ಲಿ, ತಂದೆ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರು. 18ರ ವಯಸ್ಸಿಗೆ ಅವನು ಬೆಂಗಳೂರಿನ ಜೈನ್‌ಗೆ ಬಂದ. ಮಯಂಕ್ ಅಗರವಾಲ್, ಕರುಣ್ ನಾಯರ್ ಅಲ್ಲಿ ಜೊತೆಗಾರರು. ಒಂದೇ ಕಾಲೇಜು ತಂಡದಲ್ಲಿ ಮೂವರು ಮುಂದಿನ ಟೆಸ್ಟ್ ಆಟಗಾರರು! ಮಂಗಳೂರಿನಂಥ ಊರಿನ ಪ್ರಾಧ್ಯಾಪಕರ ಮಗನೇ ಪಟ್ಟಿಗೆ ಸೇರಲು ಬೆಂಗಳೂರಿಗೆ ಬರಬೇಕಾಯಿತು ಎಂಬುದನ್ನು ಇಲ್ಲಿ ಗಮನಿಸಿ. ಯಾದಗಿರಿಯವನ ಮಾತು ಬಿಡಿ.

ಹುಡುಗರ ಈ ಡ್ರಾಫ್ಟ್ ವಾಡಿಕೆಯಾಗಿ ಉಳಿಯಲಿಲ್ಲ. ಮುಂದೆ ಭಾರತಕ್ಕೆ ಆಡದ ಹುಡುಗರಿಗೆ 10, 20, 30 ಲಕ್ಷ ಎಂಬ ಮೂರು ಮೆಟ್ಟಿಲು ಬಂತು. ಎಷ್ಟು ವರ್ಷ ರಾಜ್ಯಕ್ಕೆ ಆಡಿದ್ದಾನೆ ಎಂಬುದೇ ಅಳತೆ, ಹೆಚ್ಚುಕಮ್ಮಿ ಸರ್ಕಾರಿ ನೌಕರಿಯ ಸೇವಾ ಹಿರಿತನದ ಹಾಗೆ. 2014ರಲ್ಲಿ ಅವರನ್ನೂ ಹರಾಜಿಗೆ ತಂದರು, ಆ ಹರಾಜು ನಡೆದದ್ದು ಬೆಂಗಳೂರಿನಲ್ಲೇ. ರಾಹುಲ್ 1 ಕೋಟಿಗೆ ಹೈದರಾಬಾದ್ ಪಾಲಾದ, ಕರುಣ್ 75 ಲಕ್ಷಕ್ಕೆ ರಾಜಸ್ಥಾನದ ಪಾಲಾದ. ಇಬ್ಬರೂ ಬೆಂಗಳೂರಿಗೆ ಸಿಗಲಿಲ್ಲ. ಆರ್‌ಸಿಬಿಯಲ್ಲಿ ಕನ್ನಡದ ಹುಡುಗರು ಎಷ್ಟು ಎಂಬ ಜಗಳ ನಮ್ಮೂರ ಕಟ್ಟೆಯ ಮೇಲೂ ಪ್ರತಿ ಏಪ್ರಿಲ್‌ನಲ್ಲಿ ನಡೆಯುತ್ತದೆ. ಅದರ ಬೇರು ಇಂಥ ಹರಾಜುಗಳಲ್ಲಿದೆ.

ಕರುಣ್ ನಾಯರ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಸೆಹ್ವಾಗ್ ಬಿಟ್ಟರೆ ಭಾರತಕ್ಕಾಗಿ ಟೆಸ್ಟ್ ತ್ರಿಶತಕ ಹೊಡೆದವನು ಇವನೊಬ್ಬನೇ. 2018ರ ಹರಾಜಿನಲ್ಲಿ ಬೆಲೆ 5 ಕೋಟಿ 60 ಲಕ್ಷ. ಆಮೇಲೆ ರನ್ ಬತ್ತಿತು. ಭಾರತ ತಂಡ ಹೋಯಿತು, ಕೊನೆಗೆ ಕರ್ನಾಟಕ ತಂಡದಲ್ಲೂ ಜಾಗ ಇಲ್ಲದಾಯಿತು. 2022ರ ಡಿಸೆಂಬರ್ ಹರಾಜಿನಲ್ಲಿ ಅವನ ಹೆಸರು ಕೂಗಿದಾಗ ಯಾರೂ ಫಲಕ ಎತ್ತಲಿಲ್ಲ. 2023ರಲ್ಲಿ ಲಖನೌ ತಂಡದ ನಾಯಕ ಗಾಯಗೊಂಡಾಗ ಬದಲಿಯಾಗಿ ಕರೆ ಬಂತು. ಆ ಗಾಯಾಳು ನಾಯಕ ಯಾರು ಗೊತ್ತೇ? ಜೈನ್ ಕಾಲೇಜಿನ ಹಳೆಯ ಜೊತೆಗಾರ ರಾಹುಲ್.

ಕರುಣ್ ವಿದರ್ಭಕ್ಕೆ ಹೋದ. 2024ರ ನವೆಂಬರ್ ಹರಾಜಿನಲ್ಲಿ ದೆಹಲಿ 50 ಲಕ್ಷಕ್ಕೆ ಕೊಂಡಿತು. ಅದಾಗಿ ಒಂದೆರಡು ತಿಂಗಳಲ್ಲೇ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್ ಹೊಡೆದ. 2025ರ ಏಪ್ರಿಲ್‌ನಲ್ಲಿ ಮುಂಬೈ ವಿರುದ್ಧ 40 ಎಸೆತದಲ್ಲಿ 89. ಅದೇ ವರ್ಷ ಭಾರತ ಟೆಸ್ಟ್ ತಂಡಕ್ಕೂ ಮರಳಿದ. ಆ ಹರಾಜು ಎರಡು ತಿಂಗಳು ತಡವಾಗಿ ನಡೆದಿದ್ದರೆ ಬೆಲೆ ಎಷ್ಟಾಗುತ್ತಿತ್ತೋ. ಟೊಮೆಟೊ ಬೆಳೆದವರಿಗೆ ಈ ಲೆಕ್ಕ ನಾವು ಬಿಡಿಸಿ ಹೇಳಬೇಕಿಲ್ಲ.

ಪಟ್ಟಿಗಳು ಇಲ್ಲದ ಕಾಲದಲ್ಲಿ ಹೇಗಿತ್ತು? ಬಿ.ಎಸ್. ಚಂದ್ರಶೇಖರ್ ಮೈಸೂರಿನವರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗೈ ಸೊರಗಿತು. ಬೆಂಗಳೂರಿಗೆ ಬಂದ ಮೇಲೆ ಸಿಟಿ ಕ್ರಿಕೆಟರ್ಸ್ ಕ್ಲಬ್ ಸೇರಿ, ಅದೇ ಸೊರಗಿದ ಕೈಯಲ್ಲಿ ಚೆಂಡು ತಿರುಗಿಸಿದರು. 1963ರಲ್ಲಿ ರಾಜ್ಯ ತಂಡ, 1964ರ ಜನವರಿಯಲ್ಲಿ ಟೆಸ್ಟ್ ತಂಡ. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಗೆಲುವು ತಂದರು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕುಳ್ಳಗಿನ ಮನುಷ್ಯ. 1967ರಲ್ಲಿ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230. ಎತ್ತರ, ತೋಳಿನ ಸುತ್ತಳತೆ, ಓಟದ ಸೆಕೆಂಡು ಬರೆದುಕೊಳ್ಳುವ ಇವತ್ತಿನ ಹಾಳೆಯಲ್ಲಿ ಇವರಿಬ್ಬರಿಗೆ ಎಷ್ಟನೇ ಸಾಲು ಸಿಗುತ್ತಿತ್ತು ಎಂದು ನಾವು ಆಗಾಗ ವಾದ ಮಾಡುತ್ತೇವೆ. ಹಾಗೆಂದು ಹಳೆಯ ಕಾಲ ಬಹಳ ನ್ಯಾಯವಾಗಿತ್ತು ಎನ್ನಲು ನಾವು ಸಿದ್ಧರಿಲ್ಲ. ಆಗಲೂ ನೋಡುವ ಕಣ್ಣು ನಗರದಲ್ಲೇ ಇತ್ತು. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಸುಮಾರು 60 ಕಿಲೊಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದವರು ಅವರೇ. 2020ರಲ್ಲಿ ಅವರೇ ಭಾರತ ತಂಡದ ಆಯ್ಕೆ ಸಮಿತಿಯ ಮುಖ್ಯಸ್ಥರಾದರು, ಪಟ್ಟಿ ಬರೆಯುವ ಕುರ್ಚಿಯಲ್ಲಿ ಕೂತರು.

ಹುಡುಗ ನಗರಕ್ಕೆ ಬರುವ ಬದಲು ನೋಡುವ ಕಣ್ಣನ್ನೇ ಸಣ್ಣ ಊರಿಗೆ ಕಳಿಸುವ ಪ್ರಯತ್ನ ಒಮ್ಮೆ ನಡೆಯಿತು. 2002ರಲ್ಲಿ ಬಿಸಿಸಿಐ ಪ್ರತಿಭಾಶೋಧ ವಿಭಾಗ ಶುರು ಮಾಡಿತು, ದಿಲೀಪ್ ವೆಂಗ್‌ಸರ್ಕಾರ್ ಮುಖ್ಯಸ್ಥರು. ಹಳೆಯ ಆಟಗಾರರು ಊರೂರು ತಿರುಗಿ ಪಂದ್ಯ ನೋಡಿ ವರದಿ ಬರೆಯಬೇಕು. ಬಂಗಾಳದ ಪ್ರಕಾಶ್ ಪೊದ್ದಾರ್ 2003ರಲ್ಲಿ ಜಮ್‌ಶೆಡ್‌ಪುರದಲ್ಲಿ ಒಬ್ಬ ಕೀಪರ್‌ನನ್ನು ನೋಡಿದರು. ಯೋಜನೆಯ ವಯೋಮಿತಿ 19, ಆ ಹುಡುಗ ಅದನ್ನು ಆಗಲೇ ದಾಟಿದ್ದ. ಆದರೂ ಹೆಸರು ಬರೆದರು: ಮಹೇಂದ್ರ ಸಿಂಗ್ ಧೋನಿ. ಐಪಿಎಲ್ ಬಂದ ಮೇಲೆ ಪ್ರತಿ ತಂಡವೂ ತನ್ನದೇ ಜನರನ್ನು ಇಟ್ಟುಕೊಂಡಿತು. ಆ ಜನರು ಹೋಗುವುದು ಆಗಲೇ ಆಯ್ಕೆಯಾದವರು ಆಡುವ ಪಂದ್ಯಗಳಿಗೆ.

ನಮ್ಮ ರಾಜ್ಯದಲ್ಲಿ ಡ್ರಾಫ್ಟ್ ಮತ್ತೊಮ್ಮೆ ತಲೆ ಎತ್ತಿದ್ದು 2022ರಲ್ಲಿ, ಮಹಾರಾಜ ಟ್ರೋಫಿ ಶುರುವಾದಾಗ. ಆರು ತಂಡ, ಆಟಗಾರರಿಗೆ ಎ, ಬಿ, ಸಿ, ಡಿ ಗುಂಪು, ಗುಂಪಿನಂತೆ ಸಂಬಳ, ಸರದಿಯಂತೆ ಆಯ್ಕೆ. ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ಕಪ್ ಗೆದ್ದಿತು. ಮರುವರ್ಷವೇ ಹರಾಜು ಬಂತು, ಅಭಿನವ್ ಮನೋಹರ್ 15 ಲಕ್ಷಕ್ಕೆ ಶಿವಮೊಗ್ಗದ ಪಾಲಾದ. ತಂಡಗಳ ಹೆಸರು ನಮ್ಮ ಊರುಗಳದ್ದು, ಆಟಗಾರರ ವಿಳಾಸ ಬಹುಪಾಲು ಬೆಂಗಳೂರಿನದು.

ಹೆಣ್ಣುಮಕ್ಕಳ ಸಾಲು ಇನ್ನೂ ಹೊಸದು. ಡಬ್ಲ್ಯೂಪಿಎಲ್‌ನ ಮೊದಲ ಹರಾಜು ನಡೆದದ್ದು 2023ರ ಫೆಬ್ರವರಿಯಲ್ಲಿ. ನಮ್ಮ ಶ್ರೇಯಾಂಕಾ ಪಾಟೀಲ್ ಆರ್‌ಸಿಬಿಗೆ ಸಿಕ್ಕಿದ್ದು 10 ಲಕ್ಷಕ್ಕೆ. ಮರುವರ್ಷದ ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್, ಟೂರ್ನಿಯಲ್ಲೇ ಅತಿ ಹೆಚ್ಚು ವಿಕೆಟ್. ಗಂಡಸರ ತಂಡಕ್ಕಿಂತ ಒಂದು ವರ್ಷ ಮೊದಲೇ ಕಪ್ ತಂದವರು ಇವರು ಎಂಬುದನ್ನು ಕಟ್ಟೆಯ ಜಗಳದಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೆ ನಾವು ಹೇಳುತ್ತಿದ್ದೇವೆ.

ಯಾದಗಿರಿಯ ಗೆಳೆಯ ಓದು ಮುಗಿಯುವ ಮೊದಲು ಜೆ.ಪಿ. ನಗರದ ಆಚೆ ಒಂದು ಅಕಾಡೆಮಿಯ ಟ್ರಯಲ್ಸ್‌ಗೆ ಹೋಗಿದ್ದ. ನಾವು ಮೂವರು ಜೊತೆಗೆ ಹೋಗಿದ್ದೆವು. ಆರು ಎಸೆತ ಹಾಕಿಸಿದರು, ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡರು, ಫೋನ್ ಮಾಡುತ್ತೇವೆ ಎಂದರು. ಬನಶಂಕರಿ ಬಸ್ ನಿಲ್ದಾಣದವರೆಗೆ ಅವನು ಮಾತಾಡಲಿಲ್ಲ. ಅಲ್ಲಿ ಟೀ ಕುಡಿಯುವಾಗ, ‘ಮೂರನೇದು ಚಲೋ ಬಿದ್ದಿತ್ತು, ಆವಾಗ ಅಂವ ಫೋನ್ ನೋಡಾಕತ್ತಿದ್ದ’ ಎಂದ.

ಈಗ ಊರಲ್ಲಿದ್ದಾನೆ. ಜಾತ್ರೆಗೆ ಮುಂಚೆ ಅಲ್ಲೂ ಟೆನಿಸ್ ಬಾಲ್ ಪ್ರೀಮಿಯರ್ ಲೀಗ್ ನಡೆಯುತ್ತದೆ, ಅಲ್ಲೂ ಹರಾಜು, ದುಡ್ಡಿನ ಬದಲು ಪಾಯಿಂಟು. ಎ, ಬಿ, ಸಿ ಪಟ್ಟಿ ಬರೆಯುವ ಕೆಲಸ ಇವನದೇ. ಕಳೆದ ಸಲ ಪಟ್ಟಿ ಬರೆಯಲು ಹನ್ನೆರಡು ದಿನ ತೆಗೆದುಕೊಂಡ ಎಂದು ಸಂಘದವರು ಬೈದರಂತೆ. ಸುತ್ತಲಿನ ಒಂದೊಂದು ತಾಂಡಾಕ್ಕೂ ಬೈಕಿನಲ್ಲಿ ಹೋಗಿ, ಪ್ರತಿ ಹುಡುಗನದೂ ಎರಡು ಓವರ್ ನಿಂತು ನೋಡಿದ್ದಾನೆ. ಫೋನು ಬೈಕಿನ ಬ್ಯಾಗಿನಲ್ಲಿತ್ತಂತೆ, ನಾವು ಮಾಡಿದ ಕರೆಗಳನ್ನೂ ಅವನು ಎತ್ತಿರಲಿಲ್ಲ.