ಹುದ್ದೆ ಒಪ್ಪುವ ಮುನ್ನ ಕೇಳಿದ ಪ್ರಶ್ನೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. "ಸಾರ್, ಸಂದರ್ಶನದ ಕೊನೆಯಲ್ಲಿ 'ನೀವು ನಮ್ಮನ್ನು ಏನಾದರೂ ಕೇಳುವುದಿದೆಯೇ?' ಎಂದರು. ನಾನು ಏನೂ ಇಲ್ಲ ಎಂದುಬಿಟ್ಟೆ. ತಪ್ಪಾಯಿತೇ?" ಎಂದು ಕೇಳಿದಳು. ಉತ್ತರವಾಗಿ ಅವಳಿಗೆ ನಮ್ಮ ನಾಡಿನ ಇತಿಹಾಸದ ಪ್ರಸಂಗವೊಂದನ್ನು ಹೇಳಿದೆ. ಉಳಿದ ಶಿಷ್ಯರಿಗೂ ಬಂಧುಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

1909ರ ಮಾತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ 1884ರಿಂದ ದುಡಿದು ಸ್ವ ಇಚ್ಛೆಯಿಂದ ನಿವೃತ್ತರಾಗಿದ್ದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದ್ ನಗರವನ್ನು ಧ್ವಂಸಮಾಡಿತ್ತು. ನಿಜಾಮರ ಸರ್ಕಾರದ ಕೋರಿಕೆಯಂತೆ ಅವರು ಅಲ್ಲಿ ಪ್ರವಾಹ ತಡೆಯುವ ಯೋಜನೆಯಲ್ಲಿ ತೊಡಗಿದ್ದಾಗ, ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಹುದ್ದೆಗೆ ಬರಬೇಕೆಂದು ಆಹ್ವಾನ ಬಂದಿತು.

ಹುಟ್ಟಿದ ಸೀಮೆಯ ಕರೆ, ದೊಡ್ಡ ಹುದ್ದೆ. ಬೇರೆ ಯಾರಾದರೂ ಆಗಿದ್ದರೆ ಕೂಡಲೇ ಒಪ್ಪುತ್ತಿದ್ದರು. ಅವರು ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿದರು: ಸಂಸ್ಥಾನದಲ್ಲಿ ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗಳಿಗೂ ಸರ್ಕಾರ ಉತ್ತೇಜನ ಕೊಡಲು ಸಿದ್ಧವಿದೆಯೇ? ಅನುಕೂಲವಾದ ಉತ್ತರ ಬಂದ ಮೇಲೆಯೇ, ಅದೇ ವರ್ಷದ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು.

ಈ ಪ್ರಶ್ನೆಯ ಸ್ವರೂಪವನ್ನು ಗಮನಿಸಬೇಕು. ಅದು ಸಂಬಳದ ಕುರಿತಾದದ್ದಲ್ಲ, ಬಂಗಲೆಯ ಕುರಿತಾದದ್ದೂ ಅಲ್ಲ. ತಾವು ಮಾಡಬಯಸುವ ಕೆಲಸಕ್ಕೆ ಅಲ್ಲಿ ಜಾಗವಿದೆಯೇ ಎಂಬುದು. ಇಂತಹ ಪ್ರಶ್ನೆಗೆ ಉತ್ತರ ಕೊಟ್ಟವರು ಆ ಮಾತಿಗೆ ಕಟ್ಟುಬೀಳುತ್ತಾರೆ. ಕನ್ನಂಬಾಡಿ ಅಣೆಕಟ್ಟಿನ ಯೋಜನೆಗೆ ಖರ್ಚಿನ ಕಾರಣದಿಂದ ಆಕ್ಷೇಪಗಳೆದ್ದರೂ ನಾಲ್ವಡಿ ಕೃಷ್ಣರಾಜ ಒಡೆಯರು 1911ರಲ್ಲಿ ಒಪ್ಪಿಗೆಯಿತ್ತರು. ಅದೇ ವರ್ಷ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. 1912ರಲ್ಲಿ ವಿಶ್ವೇಶ್ವರಯ್ಯನವರೇ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದವು. 1909ರ ಪ್ರಶ್ನೆಗೆ ಇವೇ ನಿಜವಾದ ಉತ್ತರಗಳೆಂದು ನಾನು ತಿಳಿಯುತ್ತೇನೆ.

"ಅವರು ಮಹಾನುಭಾವರು ಸಾರ್, ನಮಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?" ಎಂದಳು ಆ ಹುಡುಗಿ. ಮಾತು ಸುಳ್ಳಲ್ಲ. ವಿಶ್ವೇಶ್ವರಯ್ಯನವರಿಗೆ ಆಗಲೇ ಹೆಸರಿತ್ತು, ಕೈಯಲ್ಲಿ ಕೆಲಸವಿತ್ತು. ಈ ಹುದ್ದೆ ಇಲ್ಲದಿದ್ದರೆ ಅವರ ಮನೆಯಲ್ಲಿ ಒಲೆ ಉರಿಯದೇ ಇರುತ್ತಿರಲಿಲ್ಲ. ಹಸಿದವನ ನಾಲಿಗೆಗೆ ಪ್ರಶ್ನೆ ಬರುವುದು ಕಷ್ಟ.

ನನ್ನದೇ ಉದಾಹರಣೆ ಹೇಳುತ್ತೇನೆ. ಬಿ.ಎಡ್. ಮುಗಿಸಿ 1983ರಲ್ಲಿ ಪ್ರೌಢಶಾಲೆಯೊಂದರ ಸಂದರ್ಶನಕ್ಕೆ ಹೋಗಿದ್ದೆ. ಆಡಳಿತ ಮಂಡಳಿಯ ಹಿರಿಯರು, "ಏನಾದರೂ ಕೇಳುವುದಿದ್ದರೆ ಕೇಳಪ್ಪಾ" ಎಂದರು. ನಾನು ಕೈಮುಗಿದು, "ಏನೂ ಇಲ್ಲ ಸ್ವಾಮಿ, ತಮ್ಮ ಆಶೀರ್ವಾದವಿದ್ದರೆ ಸಾಕು" ಎಂದೆ. ಕೆಲಸ ಸಿಕ್ಕಿತು. ತರಗತಿಗೆ ಹೋದಾಗ ಶಾಲೆಯಲ್ಲಿ ಒಂದೇ ಒಂದು ಭೂಪಟವೂ ಇಲ್ಲವೆಂದು ತಿಳಿಯಿತು. ಮೂರು ವರ್ಷ ಸೀಮೆಸುಣ್ಣದಲ್ಲಿ ಹಿಂದೂಸ್ಥಾನವನ್ನು ಬರೆದು ಅಳಿಸುತ್ತಾ ಇತಿಹಾಸ ಪಾಠ ಮಾಡಿದೆ. ನಾಲ್ಕನೆಯ ವರ್ಷ ಧೈರ್ಯಮಾಡಿ ಕೇಳಿದಾಗ ಅದೇ ಹಿರಿಯರು, "ಮೊದಲೇ ಹೇಳಬಾರದಿತ್ತೇ ಮೇಷ್ಟ್ರೇ?" ಎಂದು ಒಂದೇ ವಾರದಲ್ಲಿ ನಾಲ್ಕು ಭೂಪಟ ತರಿಸಿಕೊಟ್ಟರು. ನನ್ನ ಸಂಕೋಚಕ್ಕೆ ದಂಡ ತೆತ್ತವರು ಆ ಮೂರು ವರ್ಷದ ಮಕ್ಕಳು.

ಆದ್ದರಿಂದ ಅವಳಿಗೆ ಹೇಳಿದೆ: ಹತ್ತು ಪ್ರಶ್ನೆ ಬೇಡಮ್ಮಾ, ಒಂದು ಸಾಕು. "ಈ ಕೆಲಸವನ್ನು ಚೆನ್ನಾಗಿ ಮಾಡಲು ನನಗೆ ಇಲ್ಲಿ ಏನೇನು ಸಿಗುತ್ತದೆ?" ಎಂದು ವಿನಯದಿಂದ ಕೇಳು. ಕೇಳಿದ್ದಕ್ಕೇ ಕೆಲಸ ತಪ್ಪಿದರೆ, ಆ ಜಾಗದ ವಿಚಾರ ಮೊದಲೇ ತಿಳಿದಂತಾಯಿತು.

ಆ ಮೂರು ವರ್ಷಗಳ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಾನು ಬರೆದ ಆ ವಕ್ರ ನರ್ಮದೆಗಾಗಿ ಮೇಷ್ಟ್ರನ್ನು ಕ್ಷಮಿಸಿರಿ.